ಕೌದಿಯ ಹೊಟ್ಟೆ

ನನ್ನ ನೆಗೆಣ್ಣಿ ಹುಸೇನಮ್ಮ ನಡೆದರೆ ಸಪ್ಪಳವೇ ಆಗುವುದಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೂತಿರುತ್ತೇನೆ, ತಿರುಗಿ ನೋಡಿದರೆ ಬೆನ್ನ ಹಿಂದೆ ನಿಂತಿರುತ್ತಾಳೆ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಎಷ್ಟು ಸಲ ನನ್ನ ಎದೆ ಧಸಕ್ಕೆಂದಿತೋ ಲೆಕ್ಕವಿಲ್ಲ. "ಕಾಲಿಗೆ ಗೆಜ್ಜಿಯರ ಕಟ್ಟಿಕೋ ತಾಯಿ, ಜೀವ ಹೋಗತೈತಿ ನಂದು," ಎಂದು ಒಂದು ದಿನ ಬೈದೇಬಿಟ್ಟೆ. ನನ್ನ ಬಾಯಿಯೇ ಹಾಗೆ, ಮೊದಲು ಬೈಯುತ್ತದೆ, ಆಮೇಲೆ ನೋಡುತ್ತದೆ.

ಅವಳ ತಪ್ಪಲ್ಲ. ಹಟ್ಟಿಯ ಹುಡುಗಿ. ತಂದೆ ಲಾಲಪ್ಪ ಚಿನ್ನದ ಗಣಿಯಲ್ಲಿದ್ದವರು, ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಿದ್ದರು. ಕಂಪನಿಯ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಮಕ್ಕಳು ತುದಿಗಾಲಿನಲ್ಲೇ ನಡೆದು ಬೆಳೆದವು. ತಾಯಿ ಸದ್ದಿಲ್ಲದ ಕೆಲಸ ಎಂದು ಹಳೇ ಬಟ್ಟೆಯ ತುಂಡು ಜೋಡಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದರಂತೆ. ಮಗಳ ಕೈಗೂ ಅದೇ ಬಂತು. ಬಹಳ ವರ್ಷ ಮಕ್ಕಳಾಗದೆ ಮೊಹರಮ್ಮಿನ ಅಲಾಯಿ ದೇವರಿಗೆ ಬೇಡಿಕೊಂಡು ಹಡೆದ ಮೊದಲ ಮಗಳಾದ್ದರಿಂದ ಹುಸೇನಮ್ಮ ಎಂದು ಹೆಸರಿಟ್ಟರು.

ಅಂಥವಳು ಬಂದು ಬಿದ್ದದ್ದು ನಮ್ಮ ಸಂತೆಯಂಥ ಮನೆಗೆ. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಕಾಲುವೆಯ ಪಕ್ಕ ಇಳಿದರೆ ನಮ್ಮೂರು. ಹದಿನಾಲ್ಕು ಜನ, ನಾಲ್ಕು ಎಮ್ಮೆ, ಭತ್ತದ ನಾಟಿ ಶುರುವಾದರೆ ದಿನಾ ಹೊಲಕ್ಕೆ ಬುತ್ತಿ. ನಮ್ಮ ಅತ್ತೆ ಶೇಖರಮ್ಮ ಕೂತಲ್ಲಿಂದಲೇ ಎಲ್ಲರನ್ನೂ ಓಡಾಡಿಸುತ್ತಾರೆ. ನನ್ನ ಗಂಡ ಅಮರಗುಂಡಪ್ಪ ಹಿರಿಯ, ಹುಸೇನಮ್ಮನ ಗಂಡ ಚನ್ನು ಕಿರಿಯ.

ಈ ಗದ್ದಲದಲ್ಲೂ ಆಕೆ ಕೌದಿ ಬಿಡಲಿಲ್ಲ. ಹಾಲು ಉಕ್ಕುವುದರೊಳಗೆ ಒಂದು ದಾರ, ಅನ್ನ ಬಸಿಯುವುದರೊಳಗೆ ಅರ್ಧ ದಾರ. ಕರೆದರೆ ಸೂಜಿಯನ್ನು ಜಂಪರಿನ ಹೆಗಲಿಗೆ ಚುಚ್ಚಿಕೊಂಡು ಎದ್ದು ಬರುತ್ತಿದ್ದಳು. "ಸೂಜಿ ಹಿಟ್ಟಿನ್ಯಾಗ ಬಿದ್ದು ಯಾರ ಗಂಟಲಾಗ ಹೋದ್ರ ಏನ್ ಮಾಡ್ತಿ?" ಎಂದು ಅತ್ತೆ ಗದರಿದ ಮೇಲೆ ಸೂಜಿಗೆ ಯಾವಾಗಲೂ ಮಾರುದ್ದ ಕೆಂಪು ದಾರ ಪೋಣಿಸಿಟ್ಟುಕೊಂಡಳು. ಮಸ್ಕಿಯಲ್ಲಿ ಜಂಪರು ಹೊಲಿಯುವ ಚಾಂದ್‌ಬೀ ತುಂಡು ಬಟ್ಟೆ ಕೊಟ್ಟು, ಗಿರಾಕಿಗಳನ್ನೂ ಹುಡುಕಿಕೊಡುತ್ತಿದ್ದಳು. ಮೂರೇ ತಿಂಗಳಲ್ಲಿ ಎರಡು ಕೌದಿ ಹೊರಗೆ ಹೋದವು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಇನ್ನೊಂದು ವಿಷಯ ಹೇಳಬೇಕು. ಚನ್ನುವಿಗೆ ಇವಳು ಎರಡನೆಯ ಹೆಂಡತಿ. ಮೊದಲನೆಯವಳು ಅಶ್ವಿನಿ. ಮೂರು ವರ್ಷದ ಹಿಂದೆ ನಾಟಿಯ ದಿನಗಳಲ್ಲಿ ಬುತ್ತಿ ಹೊತ್ತು ಹೊಲಕ್ಕೆ ಹೊರಟವಳು ಕಾಲುವೆಯ ಮೇಲೆ ಹಾಸಿದ ಕಲ್ಲು ದಾಟುವಾಗ ನೀರಿಗೆ ಬಿದ್ದಳು. ಸಿಕ್ಕಿದ್ದು ಸಂಜೆಗೆ, ಎರಡು ಮೈಲಿ ಕೆಳಗೆ, ತೂಬಿನ ಹತ್ತಿರ. ಕಾಲು ಜಾರಿತು ಎಂದು ಊರೆಲ್ಲ ಹೇಳಿತು, ನಾವೂ ಅದನ್ನೇ ಹೇಳಿದೆವು. ಹೊಸ ಸೊಸೆ ಬರುವ ಮುಂಚೆ ಅತ್ತೆ ಎಲ್ಲರನ್ನೂ ಕೂರಿಸಿ, "ಇನ್ನ ಮ್ಯಾಲೆ ಅಕಿ ಹೆಸರ ಯಾರೂ ತಗೀಬ್ಯಾಡ್ರಿ," ಎಂದರು.

ನಾನಂತೂ ತೆಗೆಯಲಿಲ್ಲ. ಯಾಕೆಂದರೆ ಆ ಬೆಳಗ್ಗೆ ಒಲೆಯ ಹತ್ತಿರ ಅಶ್ವಿನಿ ನನ್ನ ಮುಂದೆ ಬಂದು ನಿಂತಿದ್ದಳು. "ಅಕ್ಕಾ, ಮೈಯಾಗ ನೆಟ್ಟಗಿಲ್ಲ. ಇವತ್ತೊಂದಿನ ಬುತ್ತಿ ನೀವ ಒಯ್ರಿ," ಎಂದಳು. ನಾನು ತಲೆ ಕೂಡ ಎತ್ತಲಿಲ್ಲ. "ನಿಂದೇನು ಹೂವಿನ ಮೈಯೇನು? ಕೆಲಸ ಅಂದ್ರ ಎಲ್ಲಾರಿಗೂ ಹಂಗ ಆಕ್ಕೈತಿ. ಹೊರು," ಎಂದೆ. ಹೊತ್ತಳು. ಬುಟ್ಟಿ ಎತ್ತಿ ಅವಳ ತಲೆಯ ಮೇಲಿಟ್ಟವಳೂ ನಾನೇ. ಈ ಮಾತು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದು ಎನ್ನುವುದೊಂದೇ ಮೂರು ವರ್ಷದಿಂದ ನನಗಿದ್ದ ಫಿಕರು.

ಆ ದಿನದಿಂದ ಬುತ್ತಿಗೆ ರೊಟ್ಟಿ ಬಡಿಯುವಾಗ ಎಷ್ಟು ಎಣಿಸಿದರೂ ಒಂದು ಹೆಚ್ಚಾಗುತ್ತದೆ. ಹಿಟ್ಟು ಅಳೆದು ಹಾಕಿದರೂ ಅಷ್ಟೇ. ಆ ರೊಟ್ಟಿಯನ್ನು ಯಾರ ಕಣ್ಣಿಗೂ ಬೀಳದಂತೆ ಎಮ್ಮೆಗೆ ಹಾಕುತ್ತೇನೆ. ಬೆಳಗಿನ ಹತ್ತು ಗಂಟೆಗೆ, ಬುಟ್ಟಿಯ ಮೇಲೆ ಬಟ್ಟೆ ಮುಚ್ಚುವ ಹೊತ್ತಿಗೆ, ಬಾಗಿಲ ಹತ್ತಿರ "ಎತ್ತಿ ಕೊಡ್ರಿ ಅಕ್ಕಾ" ಎಂದ ಹಾಗಾಗುತ್ತದೆ. ಎಷ್ಟೋ ಸಲ ಬುಟ್ಟಿ ಎತ್ತಿ ಖಾಲಿ ಬಾಗಿಲಿಗೆ ಹಿಡಿದು ನಿಂತಿದ್ದೇನೆ. ಆ ಕಲ್ಲಿನ ಮೇಲೆ ಹೆಜ್ಜೆ ಇಡುವುದನ್ನೂ ಬಿಟ್ಟೆ. ಹೊಲಕ್ಕೆ ಹೋಗುವುದಾದರೆ ಟ್ರ್ಯಾಕ್ಟರ್ ಹೋಗುವ ಸೇತುವೆ ಸುತ್ತಿ ಹೋಗುತ್ತೇನೆ.

ಈ ಸಲ ಕಾಲುವೆಗೆ ನೀರು ಬಿಟ್ಟ ವಾರ ಅತ್ತೆ ಹುಸೇನಮ್ಮನನ್ನು ಕರೆದರು. "ಊರ ಮಂದಿಗೆಲ್ಲಾ ಹೊಲೀತಿ, ನಮ್ಮ ಮನಿಗೊಂದು ಕೌದಿ ಹೊಲಿ," ಎಂದು ಅಟ್ಟದ ಮೇಲಿನ ಟ್ರಂಕಿನಿಂದ ಒಂದು ಗಂಟು ತೆಗೆದು ಮುಂದೆ ಹಾಕಿದರು. ಮಾವನ ಧೋತರ, ಅತ್ತೆಯ ಹಳೇ ಇಳಕಲ್ ಸೀರೆ, ನನ್ನವು ಎರಡು. ಅಡಿಯಲ್ಲಿ ಹಳದಿ ಅಂಚಿನ ಹಸಿರು ಸೀರೆ ಮತ್ತು ಮೂರು ಜಂಪರು. ಅಶ್ವಿನಿಯವು ಎಂದು ನೋಡಿದೊಡನೆ ಗುರುತು ಹಿಡಿದೆ. ಅತ್ತೆ ನನ್ನ ಕಡೆ ನೋಡಲೇ ಇಲ್ಲ. ಸುಡಲಾಗದ, ಯಾರಿಗೂ ಕೊಡಲಾಗದ ಬಟ್ಟೆ; ಕೌದಿಯೊಳಗೆ ಸೇರಿಸಿಬಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದುಕೊಂಡಿರಬೇಕು.

"ಈ ಹಸರ ಸೀರಿ ಯಾರದರಿ ಅಕ್ಕಾ?" ಎಂದು ಹುಸೇನಮ್ಮ ಕೇಳಿದಳು.

"ನಂದ," ಎಂದೆ.

ಅವಳು ಜಂಪರು ಎತ್ತಿ ನನ್ನ ತೋಳಿಗೆ ಹಿಡಿದಳು. ನಗು ಬಂದರೂ ತಡೆದುಕೊಂಡಳು. "ಇದು ನಿಮ್ಮ ಮೊಣಕೈತನಾನೂ ಏರಂಗಿಲ್ಲರಿ. ಸೀರಿನೂ ಗಿಡ್ಡನ ಹೆಣ್ಮಗಳು ಉಟ್ಟಿದ್ದು, ನಿರಿಗಿ ಸವೆದದ್ದು ನೋಡಿದ್ರ ಗೊತ್ತಾಕ್ಕೈತಿ."

ಬಟ್ಟೆ ಓದುವವರ ಮುಂದೆ ಸುಳ್ಳು ಹೇಳಬಾರದು. "ಆಗ ನಾ ಸಣ್ಣಾಕಿದ್ದೆ," ಎಂದು ಎದ್ದು ಹೋದೆ.

ಅಂದಿನಿಂದ ಅವಳ ಕೈಗೆ ಸೂಜಿ ಸಿಗದಂತೆ ಮಾಡತೊಡಗಿದೆ. ಮೆಣಸಿನಕಾಯಿ ತೊಟ್ಟು ತೆಗಿ, ಎಮ್ಮೆ ಮೈ ತೊಳಿ, ಬೇಳೆ ಆರಿಸು, ಆರಿಸಿದ ಬೇಳೆ ಮತ್ತೊಮ್ಮೆ ಆರಿಸು. ಕೆಟ್ಟ ಹೆಂಗಸು ನಾನು. ಅವಳು ಒಂದಕ್ಕೂ ಇಲ್ಲ ಎನ್ನದೆ ಎಲ್ಲ ಮುಗಿಸಿ, ಉಳಿದ ಚೂರುಪಾರು ಹೊತ್ತಿನಲ್ಲಿ ಪಡಸಾಲೆಯ ಬಾಗಿಲ ಬೆಳಕಿಗೆ ಕೂರುತ್ತಿದ್ದಳು. ಹಸಿರು ದಿನಾ ಗೇಣು ಗೇಣು ಹರಡುತ್ತಿತ್ತು. ನೀರು ತರಲು ಹೋಗುವಾಗ, ಬರುವಾಗ, ಆ ಹಸಿರು ತುಂಡುಗಳನ್ನು ದಾಟಿಯೇ ಹೋಗಬೇಕಿತ್ತು. ಒದ್ದೆ ಕಾಲಿನ ಗುರುತು ಕೌದಿಯ ಪಕ್ಕದಲ್ಲಿ ಕಂಡು ಒಂದು ದಿನ ಕೂಗಿಕೊಂಡೆ. ಆಮೇಲೆ ನೋಡಿದರೆ ನನ್ನವೇ ಹೆಜ್ಜೆ.

ನಮ್ಮ ಕಡೆ ಕೌದಿಗೆ ಹೊಟ್ಟೆ ಇರುತ್ತದೆ. ಎಲ್ಲ ಹೊಲಿದಾದ ಮೇಲೆ ನಡುವೆ ಅಂಗೈ ಅಗಲದ ತುಂಡೊಂದನ್ನು ಮೂರು ಬದಿ ಹೊಲಿದು ಒಂದು ಬದಿ ಬಿಡುತ್ತಾರೆ. ಅದರೊಳಗೆ ರೊಟ್ಟಿಯದೋ ಹೋಳಿಗೆಯದೋ ಚೂರಿಟ್ಟು ಮುಚ್ಚುತ್ತಾರೆ. ಖಾಲಿ ಹೊಟ್ಟೆಯ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂದು ನಂಬಿಕೆ. ಹುಸೇನಮ್ಮ ಆ ಹೊಟ್ಟೆಗೆಂದು ಅಶ್ವಿನಿಯ ಜಂಪರಿನ ಬೆನ್ನಿನ ತುಂಡನ್ನೇ ಎತ್ತಿಟ್ಟಿದ್ದಳು.

ನಾಟಿಯ ಹಿಂದಿನ ದಿನ ಮಧ್ಯಾಹ್ನ, ಗಂಡಸರು ಹೊಲದಲ್ಲಿ, ಅತ್ತೆ ಪಕ್ಕದ ಮನೆಯಲ್ಲಿ. "ಅಕ್ಕಾ, ಇಲ್ಲಿ ಕುಂದರ್ರಿ," ಎಂದು ಕರೆದಳು. ಜಂಪರನ್ನು ಒಳಮಗ್ಗಲು ಮಾಡಿ ನನ್ನ ತೊಡೆಯ ಮೇಲೆ ಹರಡಿದಳು.

"ಚಾಂದ್‌ಬೀ ಹೊಲಿದಿದ್ದು ಇದು. ಒಳಗ ಎರಡು ಹೊಲಿಗಿ ಹಾಕಿರ್ತಾಳ, ಬಿಗಿ ಆದ್ರ ಬಿಚ್ಚಿ ಸಡ್ಲ ಮಾಡಿಕೊಳ್ಳಾಕ. ಈ ಹೆಣ್ಮಗಳು ಒಂದು ಬಿಚ್ಚ್ಯಾಳ. ಸ್ವಲ್ಪ ದಿನಕ್ಕ ಇನ್ನೊಂದೂ ಬಿಚ್ಚಿ, ಕೈಲೆ ಹೊಲಕೊಂಡಾಳ. ಮೂರು ಜಂಪರಕ್ಕೂ ಹಂಗ ಐತಿ."

"ಮೈ ಬಂದಿರಬೇಕು ಬಿಡು."

"ನಾನೂ ಹಂಗ ಅಂದಕೊಂಡಿದ್ದೆ." ತಲೆದಿಂಬಿನ ಕೆಳಗಿನಿಂದ ಏನೋ ತೆಗೆದು ನನ್ನ ಅಂಗೈಯಲ್ಲಿಟ್ಟಳು. "ಇದು ಸೀರಿ ಮಡಿಕ್ಯಾಗ ಇತ್ತರಿ."

ಕೆಂಪು ಖಣದ ಕುಂಚಿಗೆ. ಹುಟ್ಟಿದ ಕೂಸಿನ ತಲೆಗೆ ಕಟ್ಟುವಂಥದು. ಅರ್ಧ ಹೊಲಿದಿತ್ತು, ದಾರ ಕಡಿದಿರಲಿಲ್ಲ. ಸೂಜಿ ತುಕ್ಕು ಹಿಡಿದು ಬಟ್ಟೆಗೇ ಅಂಟಿಕೊಂಡಿತ್ತು.

ಕೂಸು ಬರುವ ಮುಂಚೆ ಬಟ್ಟೆ ಹೊಲಿಯಬಾರದು ಎನ್ನುತ್ತಾರೆ. ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡಬಾರದು ಎಂದೂ ಎನ್ನುತ್ತಾರೆ. ಆಸೆ ತಡೆಯಲಾರದೆ ಕದ್ದು ಹೊಲಿದಿದ್ದಾಳೆ, ಬಾಯಿ ಮಾತ್ರ ಬಿಟ್ಟಿಲ್ಲ. ಮೈಯಾಗ ನೆಟ್ಟಗಿಲ್ಲ ಎಂದಿದ್ದಳಲ್ಲ, ಅದರ ಅರ್ಥ ಇಷ್ಟು ದೊಡ್ಡದಿತ್ತು. ಕಾಲು ಜಾರಿರಲಿಲ್ಲ, ಕಣ್ಣಿಗೆ ಕತ್ತಲೆ ಬಂದಿರಬೇಕು. ಬಸುರಿಯ ತಲೆಯ ಮೇಲೆ ಬುಟ್ಟಿ ಇಟ್ಟು ಕಳಿಸಿದ್ದೆ ನಾನು.

ಅಶ್ವಿನಿಯ ಹೆಸರು ಹಿಡಿದೇ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಕೇಳಿದ್ದು, ನಾನು ಅಂದಿದ್ದು, ಬುಟ್ಟಿ ಎತ್ತಿ ಕೊಟ್ಟದ್ದು. ಮೂರು ವರ್ಷ ಬಾರದ ಅಳು ಒಮ್ಮೆಲೇ ಬಂತು. ಹುಸೇನಮ್ಮ ಕುಂಚಿಗೆಯನ್ನೇ ನೋಡುತ್ತಿದ್ದಳು.

"ಚನ್ನುಗ ಗೊತ್ತಿತ್ತೇನು?" ಎಂದು ಕೇಳಿದೆ.

"ಮೊದಲನೇಕಿ ಬಟ್ಟಿನ ಇವು ಅಂತ ತಿಳಿದ ಮ್ಯಾಲೆ ನಿನ್ನೆ ಕೇಳಿದೆ. ಭತ್ತದ ಮಡಿಗೆ ನೀರು ಕಟ್ಟಬೇಕಂತ ಎದ್ದು ಹೋದ್ರು."

ಆಮೇಲೆ ತಗ್ಗಿದ ದನಿಯಲ್ಲಿ ಅಂದಳು, "ನಾಳೆ ಬುತ್ತಿ ಒಯ್ಯಾಕ ಅತ್ತಿ ನನಗ ಹೇಳ್ಯಾರ, ಅಕ್ಕಾ." ತಾನು ತೊಟ್ಟ ಜಂಪರಿನ ಬಗಲನ್ನು ಮಗುಚಿ ತೋರಿಸಿದಳು. ಹೊಲಿಗೆ ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳು ಸಾಲಾಗಿ ಹೊಸದಾಗಿದ್ದವು. "ನಾನೂ ಒಂದು ಬಿಚ್ಚೀನಿ."

ಇಷ್ಟು ದಿನ ಅವಳು ಏನು ಹುಡುಕುತ್ತಿದ್ದಳು ಎಂದು ಆಗ ತಿಳಿಯಿತು. ಈ ಮನೆಯಲ್ಲಿ ಬಾಯಿ ಬಿಟ್ಟು ಹೇಳದಿದ್ದರೆ ಯಾರಿಗಾದರೂ ಗೊತ್ತಾಗುತ್ತದೆಯೋ ಇಲ್ಲವೋ ಎಂದು.

ಮರುದಿನ ಹತ್ತು ಗಂಟೆಗೆ ಬುತ್ತಿ ಕಟ್ಟಿದೆವು. "ಹುಸೇನಮ್ಮಾ, ಜಲ್ದಿ ಹೊರು, ಹೊತ್ತಾತು," ಎಂದರು ಅತ್ತೆ. ನಾನು ಬುಟ್ಟಿಯನ್ನು ನನ್ನ ಕಡೆ ಎಳೆದುಕೊಂಡೆ.

"ಅಕಿ ಹೋಗಂಗಿಲ್ಲ. ನಾ ಒಯ್ತೀನಿ."

"ಯಾಕ? ಅಕಿಗೇನಾಗೈತಿ?"

"ಈ ಮಾತು ಮೂರು ವರ್ಷದ ಹಿಂದ ನಾ ಕೇಳಬೇಕಿತ್ತರಿ ಅತ್ತಿ. ಅಶ್ವಿನಿ ಬಸುರಿದ್ದಳು. ಮೈಯಾಗ ನೆಟ್ಟಗಿಲ್ಲ ಅಂತ ನನ್ನ ಮುಂದ ಹೇಳಿದಳು. ನಾನ ಕಳಿಸಿದೆ," ಎಂದೆ. ಹೆಸರು ಕೇಳಿ ಹೊರಗೆ ಹಗ್ಗ ಸುತ್ತುತ್ತಿದ್ದ ಚನ್ನುವಿನ ಕೈ ನಿಂತಿತು. ಅತ್ತೆ ಹುಸೇನಮ್ಮನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ನೀ ಒಳಗ ಹೋಗವ್ವಾ," ಎಂದಷ್ಟೇ ಅಂದರು.

ಬುಟ್ಟಿ ನಾನೇ ಎತ್ತಿ ತಲೆಯ ಮೇಲಿಟ್ಟುಕೊಂಡೆ. ಸೇತುವೆ ಸುತ್ತಿ ಹೋಗಲಿಲ್ಲ. ಕಲ್ಲಿನ ಮೇಲೆ ಕಾಲಿಟ್ಟಾಗ ಕೆಳಗೆ ಕೆಂಪು ನೀರು ದಡದವರೆಗೆ ತುಂಬಿ ಹರಿಯುತ್ತಿತ್ತು. ನಡುವೆ ಬಂದಾಗ ಹಿಂದೆ ಹೆಜ್ಜೆಯ ಸಪ್ಪಳ ಕೇಳಿತು. ಹುಸೇನಮ್ಮನದಲ್ಲ, ಅವಳದು ಕೇಳುವುದಿಲ್ಲ. ನಾನು ತಿರುಗಿ ನೋಡಲಿಲ್ಲ. "ಸಾವಕಾಶ ಬಾ ತಂಗಿ," ಎಂದೆ. ಆಚೆ ದಡ ಮುಟ್ಟುವವರೆಗೂ ಆ ಸಪ್ಪಳ ನನ್ನ ಜೊತೆಗಿತ್ತು.

ತಿರುಗಿ ಬಂದಾಗ ಹುಸೇನಮ್ಮ ಪಡಸಾಲೆಯಲ್ಲಿ ಕೌದಿ ಹರಡಿಕೊಂಡು ಕೂತಿದ್ದಳು. ನಡುವಿನ ಹೊಟ್ಟೆಯ ಒಂದು ಬದಿ ತೆರೆದಿತ್ತು, ಸೂಜಿಯಲ್ಲಿ ಕೆಂಪು ದಾರ. ನಾನು ಅಡುಗೆ ಮನೆಗೆ ಹೋಗಿ ಅವತ್ತಿನ ಹೆಚ್ಚಿನ ರೊಟ್ಟಿ ತಂದೆ. ಅದು ಅವತ್ತೂ ಹೆಚ್ಚಾಗಿತ್ತು. ಒಂದು ತುಂಡು ಮುರಿದು ಕೊಟ್ಟೆ. ಹುಸೇನಮ್ಮ ಅದನ್ನು ಒಳಗಿಟ್ಟಳು, ಹೊಲಿಯಲಿಲ್ಲ. ಅಂಗೈ ಮತ್ತೆ ನನ್ನ ಮುಂದೆ ಚಾಚಿದಳು.

"ಇನ್ನೊಂದು, ಸಣ್ಣದು," ಎಂದಳು.

ನಾನು ರೊಟ್ಟಿಯ ಅಂಚು ಬಿಟ್ಟು ನಡುವಿನ ಮೆತ್ತನೆಯ ಭಾಗದಿಂದ ಉಗುರಿನಷ್ಟು ಮುರಿದೆ. ಹಲ್ಲಿಲ್ಲದ ಬಾಯಲ್ಲವೇ ಎಂದು, ಹಾಲಿನಲ್ಲಿ ಅದ್ದಿ, ಬೆರಳಲ್ಲಿ ನುರಿದು ಕೊಟ್ಟೆ.