ವಾಲಿದ ಮನೆಯ ಒಡತಿ

ಐನೂರು ವರ್ಷದ, ತಲೆಗೆ ತಗಲುವಷ್ಟು ತಗ್ಗಿನ ಓಕ್ ತೊಲೆಗಳ ಆ ತಂಗುಮನೆಗೆ ಬಂದವರು ಬಿಷಪ್ಪರಾಗಲಿ ಲಾರಿ ಚಾಲಕರಾಗಲಿ, ಒಡತಿ ವಿನಿಫ್ರೆಡ್ ಪ್ರೋಬರ್ಟ್ ಮೊದಲು ಕೂಗುವುದು ‘ತಲೆ ಬಗ್ಗಿಸ್ರಪ್ಪಾ!’ ಎಂದೇ. ಇಡೀ ಚೌಕಟ್ಟಿಗೆ ಒಂದೂ ಮೊಳೆಯಿಲ್ಲ, ಎಲ್ಲ ಮರದ ಗೂಟಗಳದೇ ಹಿಡಿತ. ತೊಲೆ ಕಿರುಗುಟ್ಟಿದರೆ ‘ಅಜ್ಜಿ ಮಗ್ಗುಲು ಬದಲಿಸ್ತಿದ್ದಾಳೆ’ ಅನ್ನುತ್ತಾಳೆ. ನೆಲ ಓರೆಯಾಗಿ ಬಿಯರ್ ಲೋಟ ಮೇಜಿನಿಂದ ಜಾರಿತೆಂದು ದೂರಿದವರಿಗೆ ‘ಹಿಡ್ಕೊಂಡು ಕುಡಿ, ಮಗಾ!’ ಎಂಬ ಉತ್ತರ. ಕಟ್ಟಡವನ್ನು ಅವಳಿಗೆ ಬಾಡಿಗೆಗೆ ಕೊಟ್ಟ ಮಾಲೀಕರು ಕಳಿಸಿದ ಎಂಜಿನಿಯರ್ ಹಾರ್ಟ್ರೋ, ‘ನೆಲ ಸಮ ಮಾಡ್ಬಿಡೋಣ, ಮಿಸೆಸ್ ಪ್ರೋಬರ್ಟ್’ ಎಂದು ನಕ್ಷೆ ಚಾಚಿದಾಗ, ಅವಳು ಕೈ ನೀಡಿದ್ದು ನಕ್ಷೆಯ ಪಕ್ಕದ ಗಾಳಿಗೆ. ‘ಕಣ್ಣು ಹೋಗಿ ವರ್ಷಗಳಾದ್ವು. ನೆಲ ಏರಿದ್ರೆ ಮೆಟ್ಟಿಲ ಕಡೆ, ಇಳಿದ್ರೆ ಒಲೆ ಕಡೆ ಅಂತ ಪಾದಕ್ಕೆ ಗೊತ್ತು. ಸಮ ಮಾಡಿದ್ರೆ ನನ್ನ ಮನೇಲೇ ನಾನು ದಾರಿ ತಪ್ಪಿ ನಿಲ್ತೀನಿ.’ ಹಾರ್ಟ್ರೋ ನೆಲದ ಓರೆ ಅಳೆಯುವ ರಸಮಟ್ಟವನ್ನು ಚೀಲಕ್ಕೆ ಸೇರಿಸಿ, ಬೂಟು ಕಳಚಿ, ಕಣ್ಣು ಮುಚ್ಚಿ, ಆ ನೆಲದ ಏರಿನ ಮೇಲೆ ಬರಿಗಾಲಲ್ಲಿ ಒಂದೊಂದೇ ಹೆಜ್ಜೆಯಿಟ್ಟ.