ಗಿರಿಜಮ್ಮ ಮೊಬೈಲಿನಲ್ಲಿ ಓದಿದ ಎಐ ಪ್ರಕಟಣೆ

ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗ ನಾನು ಪೀಣ್ಯದ ಒಂದು ಪಂಪ್ ಕಾರ್ಖಾನೆಯಲ್ಲಿ ಕಂಪನಿ ಸೆಕ್ರೆಟರಿಯಾಗಿದ್ದೆ. ಷೇರುದಾರರಿಗೆ ತಿಳಿಸಬೇಕಾದದ್ದನ್ನೆಲ್ಲ ಸಹಿ ಮಾಡಿ ಷೇರು ವಿನಿಮಯ ಕೇಂದ್ರಕ್ಕೆ ಕಳುಹಿಸುವುದು ನನ್ನ ಕೆಲಸ.

ಯಾವ ಕಂಪನಿ ‘ಎಐ’ ಎಂದರೂ ಅದರ ಷೇರು ಏರುತ್ತಿದ್ದ ಕಾಲ. ನಮ್ಮ ಎಂ.ಡಿ.ಯವರಿಗೂ ಆಸೆ ಹುಟ್ಟಿತು. ಬಿಡಿಭಾಗಗಳಲ್ಲಿ ಬಿರುಕು ಹುಡುಕುವ ಒಂದೇ ಒಂದು ಎಐ ಕ್ಯಾಮೆರಾ ಪ್ರಯೋಗಕ್ಕೆಂದು ಬಂದಿತ್ತು. ಅವರು ಬರೆಸಿದ ಪ್ರಕಟಣೆಯಲ್ಲಿ ಮಾತ್ರ ಇಡೀ ತಪಾಸಣೆಯೇ ಎಐ ಕೈಗೆ ಹೋಗಿತ್ತು. ‘ಪ್ರಾಯೋಗಿಕ ಹಂತ’ ಎಂದು ಸೇರಿಸೋಣ ಎಂದೆ.

“ಆ ಪದ ಹಾಕಿದ್ರೆ ಯಾರ್ರೀ ತಿರುಗಿ ನೋಡ್ತಾರೆ?” ಎಂದರು.

ನಾನು ಸಹಿ ಹಾಕಿದೆ.

ಮರುದಿನ ಷೇರು ಜಿಗಿಯಿತು. ಕ್ಯಾಂಟೀನಿನಲ್ಲಿ ಮೈಸೂರು ಪಾಕ್ ಹಂಚಿದರು. ಊಟದ ಹೊತ್ತಿಗೆ ತಪಾಸಣೆ ವಿಭಾಗದ ಗಿರಿಜಮ್ಮ ನನ್ನ ಕೋಣೆಗೆ ಬಂದರು. ಎರಕದ ಭಾಗಗಳ ಮೇಲೆ ಬೆರಳಾಡಿಸಿಯೇ ಕೂದಲೆಳೆಯಷ್ಟು ಬಿರುಕನ್ನೂ ಹಿಡಿಯುತ್ತ ಇಪ್ಪತ್ತಾರು ವರ್ಷ ದುಡಿದವರು. ಕಂಪನಿ ಹಿಂದೆ ನೌಕರರಿಗೆ ಕೊಟ್ಟಿದ್ದ ಷೇರುಗಳು ಅವರ ಬಳಿಯೂ ಇದ್ದವು.

“ಸಾರ್, ನಮ್ಮ ಕೈ ಬೇಡ ಅಂದಿದ್ದಕ್ಕೆ ನಮ್ಮ ಷೇರಿಗೆ ಬೆಲೆ ಜಾಸ್ತಿ ಆಯ್ತಾ?”

“ಹಾಗೇನಿಲ್ಲಮ್ಮ, ಆಮೇಲೆ ಮಾತಾಡೋಣ,” ಎಂದು ಕಳುಹಿಸಿಬಿಟ್ಟೆ.

ಎರಡು ದಿನದಲ್ಲಿ ವಿನಿಮಯ ಕೇಂದ್ರದಿಂದ ಪತ್ರ ಬಂತು. ಬೆಲೆ ಹೀಗೆ ಏರಲು ಕಾರಣವೇನೆಂದು ವಿವರಣೆ ಕೇಳಿದ್ದರು. ಈ ಸಲ ಎಂ.ಡಿ.ಯವರಿಗೆ ಹೇಳಿದೆ: “ಸಹಿ ನನ್ನದು ಸಾರ್, ಇದ್ದದ್ದನ್ನೇ ಬರೀತೀನಿ.” ಇರುವುದು ಒಂದೇ ಕ್ಯಾಮೆರಾ, ಅದೂ ಪ್ರಯೋಗದಲ್ಲಿದೆ, ಕೊನೆಯ ತಪಾಸಣೆ ಈಗಲೂ ನಮ್ಮ ಕೆಲಸಗಾರರದ್ದೇ ಎಂದು ಬರೆದೆ. ಏರಿದ್ದಕ್ಕಿಂತ ಬೇಗ ಷೇರು ಇಳಿಯಿತು. ಎಂ.ಡಿ. ತಿಂಗಳುಗಟ್ಟಲೆ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ.

ಆ ವಿವರಣೆಯ ಪ್ರತಿ ಹಿಡಿದು ತಪಾಸಣೆ ವಿಭಾಗಕ್ಕೆ ಹೋದರೆ ಗಿರಿಜಮ್ಮ ಇರಲಿಲ್ಲ. ಹಿಂದಿನ ದಿನವೇ ರಾಜೀನಾಮೆ ಕೊಟ್ಟು ಹೋಗಿದ್ದರು. ವಿಳಾಸ ಹುಡುಕಿ, ಒಂದು ಭಾನುವಾರ ಬೊಮ್ಮನಹಳ್ಳಿಯಲ್ಲಿದ್ದ ಅವರ ಅಕ್ಕನ ಮನೆಗೆ ಹೋದೆ. ಅಷ್ಟರಲ್ಲಿ ಅಲ್ಲಿನ ಗಾರ್ಮೆಂಟ್ಸಿನಲ್ಲಿ ಬಟ್ಟೆ ಚೆಕಿಂಗ್‌ಗೆ ಸೇರಿಕೊಂಡಿದ್ದರು. ವಾಪಸ್ ಬನ್ನಿ ಎಂದು ಕೇಳಿಕೊಂಡೆ.

“ಕೋಪ ಇಲ್ಲ ಸಾರ್. ಇಷ್ಟು ವರ್ಷ ಒಟ್ಟಿಗಿದ್ವಿ. ಒಂದ್ ಮಾತು ಹೇಳ್ಲಿಲ್ವಲ್ಲ, ಮೊಬೈಲಲ್ಲಿ ಓದಿ ತಿಳ್ಕೊಬೇಕಾಯ್ತು,” ಎಂದರು. ಕಾಫಿ ಕೊಟ್ಟರು. ಬಸ್ ಸ್ಟಾಪಿನವರೆಗೂ ಬಂದು ಕಳುಹಿಸಿದರು.

ಪ್ರಕಟಣೆಯನ್ನು ಹೂಡಿಕೆದಾರರು ನಾಲ್ಕು ದಿನ ನಂಬಿ ಐದನೆಯ ದಿನ ಮರೆಯುತ್ತಾರೆ. ಅದರಲ್ಲಿ ಯಾರ ಬದುಕಿದೆಯೋ ಅವರು ಮರೆಯುವುದಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟು. ವಿನಿಮಯ ಕೇಂದ್ರಕ್ಕೆ ತಿಳಿಸುವ ಮೊದಲೇ ಇಂಥದ್ದನ್ನು ಕೆಲಸಗಾರರಿಗೆ ಹೇಳಲು ಕಾನೂನು ಬಿಡುವುದಿಲ್ಲ. ಆದ್ದರಿಂದ ಆಮೇಲೆ ಪ್ರತಿ ಪ್ರಕಟಣೆ ಹೊರಟ ಕೂಡಲೇ ಕೆಳಗಿಳಿದು, ಕೆಲಸಗಾರರ ನಡುವೆ ನಿಂತು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಕೇಳುತ್ತಿದ್ದವರ ನಡುವೆ ನನ್ನ ಕಣ್ಣು ನಿವೃತ್ತಿಯ ದಿನದವರೆಗೂ ಗಿರಿಜಮ್ಮನನ್ನು ಹುಡುಕುತ್ತಿತ್ತು.