ಸೊಂಟದೆತ್ತರದ ಒಲೆ

ಅಡುಗೆಮನೆ ಕಟ್ಟಿಸುವ ಗಂಡಸರಿಗೆ ನಾನು ಹೇಳುವುದು ಇಷ್ಟೇ: ಗೋಡೆ ಏಳುವ ಮೊದಲು ಅಲ್ಲಿ ಮೂರು ಕಲ್ಲು ಹೂಡಿ, ಮನೆಮಂದಿಗೆಲ್ಲ ಆಗುವಷ್ಟು ರಾಗಿ ಹಿಟ್ಟು ನೀವೇ ಕೋಲಿನಲ್ಲಿ ತೊಳಸಿ ಮುದ್ದೆ ಕಟ್ಟಿ. ಹೊಗೆ ಯಾವ ಕಡೆ ಹೋಗುತ್ತದೆ, ಬೆಳಕು ಎಲ್ಲಿಂದ ಬೀಳುತ್ತದೆ, ಕೈ ಚಾಚಿದರೆ ನೀರು ಸಿಗುತ್ತದೋ ಇಲ್ಲವೋ, ಎಲ್ಲ ಅಲ್ಲೇ ತಿಳಿಯುತ್ತದೆ. ನನ್ನ ಭಾವನವರಿಗೂ ತಿಳಿಯಿತು, ಆದರೆ ತಡವಾಗಿ, ಅದೂ ನಾನು ತಿಳಿಯುವ ಹಾಗೆ ಮಾಡಿದ ಮೇಲೆ. ಅದನ್ನು ನೆನೆದರೆ ಇವತ್ತಿಗೂ ನನಗೆ ಖುಷಿಯಾಗುತ್ತದೆ. ಮುಚ್ಚಿಟ್ಟು ಏನು ಪ್ರಯೋಜನ?

ನಾನು ತಾಯಲೂರಿನ ಕಡೆಯವಳು. ಶ್ರೀನಿವಾಸಪುರಕ್ಕೆ ಸೊಸೆಯಾಗಿ ಬಂದ ಕೆಲವು ವರ್ಷಕ್ಕೆ, ಯುದ್ಧ ಶುರುವಾಗಿದ್ದ ಕಾಲದಲ್ಲಿ, ನನ್ನ ಗಂಡನ ಅಣ್ಣ ಹೊಸ ಮನೆ ಕಟ್ಟಿಸಿದರು. ಅವರು ಕಚೇರಿಯಲ್ಲಿ ಗುಮಾಸ್ತರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಯಾವುದೋ ಬಿಳಿ ದೊರೆಯ ಬಂಗಲೆಯಲ್ಲಿ ಅಡುಗೆಯವನು ನಿಂತುಕೊಂಡೇ ಬೇಯಿಸುವುದನ್ನು ನೋಡಿ ಬಂದಿದ್ದರು. ಅದೇ ತಲೆಗೆ ಹತ್ತಿತು. ಕಲ್ಲಿನ ಕಟ್ಟೆ ಕಟ್ಟಿಸಿ, ಅದರ ಮೇಲೆ ಒಲೆ ಹಾಕಿಸಿದರು. ಸೊಂಟದೆತ್ತರ ಎಂದರು. ಅದು ಅವರ ಸೊಂಟ. ಅತ್ತೆಗೆ ಎದೆಯವರೆಗೆ ಬರುತ್ತಿತ್ತು. ಹೆಂಗಸರು ಹೊರಗಿನವರ ಕಣ್ಣಿಗೆ ಬೀಳಬಾರದೆಂದು ಕಿಟಕಿಯನ್ನೇ ಇಡಿಸಲಿಲ್ಲ. ಸೂರಿನ ಕೆಳಗೆ ಅಂಗೈಯಗಲದ ಒಂದು ಗವಾಕ್ಷಿ, ಅದೂ ಹೊಗೆಯನ್ನು ಗಾಳಿ ಒಳಕ್ಕೇ ದಬ್ಬುವ ದಿಕ್ಕಿಗೆ.

ದೊರೆಯ ಬಂಗಲೆಯಲ್ಲಿ ಯಾರೂ ಹಿಟ್ಟು ತೊಳಸುವುದಿಲ್ಲ ಎನ್ನುವುದು ಅವರಿಗೆ ಹೊಳೆಯಲೇ ಇಲ್ಲ. ಹಿಟ್ಟು ತೊಳಸುವುದೆಂದರೆ ಮಡಕೆಯನ್ನು ನೆಲಕ್ಕಿಳಿಸಿ, ಕವೆಗೋಲಿನಲ್ಲಿ ಸಿಕ್ಕಿಸಿ, ಅದನ್ನು ಪಾದದಲ್ಲಿ ಒತ್ತಿಹಿಡಿದು, ಮೈಭಾರವನ್ನೆಲ್ಲ ಹಿಟ್ಟಿನ ಕೋಲಿನ ಮೇಲೆ ಹಾಕಬೇಕು. ಕಟ್ಟೆಯ ಮೇಲೆ ಕಾಲಿಡುವುದೆಲ್ಲಿ? ಕುದಿಯುವ ಮಡಕೆಯನ್ನು ದಿನಾ ಎದೆಯೆತ್ತರದಿಂದ ಇಳಿಸಬೇಕಾಯಿತು. ಕಟ್ಟುವಾಗಲೇ ಅತ್ತೆ ಹೇಳಿದ್ದರು.

"ಒಲೆ ನೆಲದ ಮೇಲೇ ಹಾಕ್ಸೋ. ಹಿಟ್ಟು ತೊಳಸೋಕಾಗಲ್ಲ ಕಣೋ."

"ಸುಮ್ನಿರಮ್ಮ, ನಿಂಗೇನು ಗೊತ್ತಾಗುತ್ತೆ" ಎಂದು ಅವರು ಮೇಸ್ತ್ರಿಯ ಕಡೆ ತಿರುಗಿದ್ದರು.

ಅತ್ತೆ ನನಗೆ ಒಂದು ದಿನವೂ ಗದರಿದವರಲ್ಲ. ಬಂದ ಹೊಸದರಲ್ಲಿ ನಾನು ಮಾಡಿದ ಗಂಟುಗಂಟಾದ ಮುದ್ದೆಯನ್ನು ತಮ್ಮ ತಟ್ಟೆಗೆ ಹಾಕಿಕೊಂಡು, ಚೆನ್ನಾಗಿದ್ದುದನ್ನು ಗಂಡಸರಿಗೆ ಬಡಿಸುತ್ತಿದ್ದರು. ಹೊಸ ಮನೆಗೆ ಬಂದ ಸ್ವಲ್ಪ ದಿನಕ್ಕೇ, ಆ ಹೊಗೆಯಲ್ಲಿ ಕಣ್ಣು ಕಾಣದೆ ಮಡಕೆ ಇಳಿಸುವಾಗ ಜಾರಿ, ಕುದಿಯುವ ಹಿಟ್ಟು ಅವರ ಬಲಗೈ ಮೇಲೆ ಬಿತ್ತು. ಹಿಟ್ಟು ನೀರಿನ ಹಾಗೆ ಹರಿದುಹೋಗುವುದಿಲ್ಲ, ಅಂಟಿಕೊಂಡು ಸುಡುತ್ತದೆ. ಗಾಯ ಮಾಯಿತು, ಬೆರಳುಗಳು ಮಡಚಿಕೊಂಡೇ ಉಳಿದವು. ಎಡಗೈಯಲ್ಲಿ ಉಣ್ಣಲು ನಾಚಿ, ನಾನು ತುತ್ತು ಮಾಡಿ ಕೊಡುವವರೆಗೂ ಕಾಯುತ್ತಿದ್ದರು.

ಭಾವ ಏನೆಂದರು ಗೊತ್ತೇ? "ಅಮ್ಮನಿಗೆ ವಯಸ್ಸಾಯ್ತು, ಕೈ ನಿಲ್ಲಲ್ಲ." ಕಟ್ಟೆಯ ಮಾತೇ ಇಲ್ಲ. ಬಂದವರಿಗೆಲ್ಲ ಅದನ್ನು ತೋರಿಸಿ ಹೊಗಳಿಕೊಳ್ಳುವುದೂ ನಿಲ್ಲಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವರಿಗೆ ಒಂದು ದಿನ ಬುದ್ಧಿ ಕಲಿಸದೆ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಆ ದಿನ ಮಾವಿನ ಸುಗ್ಗಿಯಲ್ಲಿ ಬಂತು. ಓರಗಿತ್ತಿ ಹೆರಿಗೆಗೆಂದು ಮುಳಬಾಗಿಲಿನ ತವರಿಗೆ ಹೋಗಿದ್ದಳು, ನಮ್ಮ ಮನೆಯವರು ತೋಪು ಕಾಯಲು ಹೋಗಿದ್ದರು. ಭಾವ ಕಚೇರಿಯ ತಮ್ಮ ಮೇಲಧಿಕಾರಿ ಶೇಕದಾರರನ್ನು ಊಟಕ್ಕೆ ಕರೆದಿದ್ದರು, ಹೊಸ ಒಲೆಯ ಬಿಸಿ ಮುದ್ದೆ ಉಣ್ಣಿಸುತ್ತೇನೆಂದು. ಅವತ್ತು ಬೆಳಿಗ್ಗೆ ನಾನು ನೇರವಾಗಿ ಹಿತ್ತಲ ಜಗಲಿಗೆ ಹೋಗಿ ಚಾಪೆ ಹಾಸಿಕೊಂಡು ಕೂತೆ.

"ಅತ್ತಮ್ಮ, ನಾನು ಹೊರಗಾದೆ."

ಅಪ್ಪಟ ಸುಳ್ಳು. ಮುಟ್ಟಾಗಿ, ಸ್ನಾನ ಮಾಡಿ ಒಳಗೆ ಬಂದು ಇನ್ನೂ ವಾರವಾಗಿರಲಿಲ್ಲ. ಅದು ಅತ್ತೆಗೂ ಗೊತ್ತು. ಆದರೆ ಯಾವ ಗಂಡಸು ಅದನ್ನು ಲೆಕ್ಕ ಕೇಳುತ್ತಾನೆ? ಅತ್ತೆ ನನ್ನ ಮುಖ ನೋಡಿ, ಒಳಗೆ ಹೋಗಿ ಮಗನಿಗೆ ಹೇಳಿದರು.

"ಅವಳು ಹೊರಗಾಗವಳೆ. ಮೂರು ದಿನ ಒಳಕ್ಕೆ ಬರಂಗಿಲ್ಲಪ್ಪ."

ಭಾವ ಪಕ್ಕದ ಮನೆಯಾಕೆಯನ್ನು ಕರೆದರು. "ಆ ಕಟ್ಟೆ ಸಾವಾಸ ನಂಗೆ ಬ್ಯಾಡಪ್ಪ" ಎಂದು ಅವಳು ಬಾಗಿಲಿನಿಂದಲೇ ಜಾರಿಕೊಂಡಳು. ಕೊನೆಗೆ ಅವರೇ ಪಂಚೆ ಎತ್ತಿಕಟ್ಟಿ ಒಳಗೆ ಹೋದರು. ಹಿತ್ತಲ ಬಾಗಿಲು ತೆರೆದಿತ್ತು, ನನಗೆ ಎಲ್ಲ ಕಾಣುತ್ತಿತ್ತು. ಸೌದೆ ಊದಿ ಊದಿ ಕಣ್ಣು ಮೂಗೆಲ್ಲ ಸುರಿಯಿತು. ಕಟ್ಟೆಯ ಮೇಲೇ ತೊಳಸಲು ಹೋದರೆ ಕೋಲಿನ ಜೊತೆ ಮಡಕೆಯೂ ತಿರುಗಿತು. ಇಳಿಸಲೆಂದು ಎತ್ತಿದರು, ಕೈ ನಿಲ್ಲದೆ ಮತ್ತೆ ಅಲ್ಲೇ ಇಟ್ಟರು.

"ಅಮ್ಮ, ಇದನ್ನ ಹೆಂಗೆ ಇಳಿಸ್ತಿದ್ದೆ?"

ಹೊಸ್ತಿಲಲ್ಲಿ ಕೂತಿದ್ದ ಅತ್ತೆ ಬಲಗೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು.

ಶೇಕದಾರರು ಮುದ್ದೆ ಮುರಿದರೆ ಒಳಗೆ ಒಣಹಿಟ್ಟು. "ಏನ್ರೀ, ನಿಮ್ಮ ಹೊಸ ಒಲೆ ಹಿಟ್ಟು ಬೇಯಿಸಲ್ವೇನ್ರೀ?" ಎಂದರಂತೆ. ಮರುದಿನ ಕಚೇರಿಯಲ್ಲೆಲ್ಲ ಅದೇ ಮಾತು. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಅಲ್ಲಿಗೇ ಎದ್ದುಬಿಡಲೂ ಇಲ್ಲ. ಮೂರು ದಿನವೂ ಅವರೇ ಬೇಯಿಸಿದರು, ನಾನು ಕೂತಲ್ಲೇ ಉಂಡೆ.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರುವ ಹೊತ್ತಿಗೆ ಮೇಸ್ತ್ರಿ ಹಾರೆ ಹಿಡಿದು ಕಟ್ಟೆ ಕೀಳುತ್ತಿದ್ದ. ಹಿತ್ತಲ ಗೋಡೆಯಲ್ಲಿ ಕಿಟಕಿಗೂ ಗುರುತು ಹಾಕಿತ್ತು.

"ಒಲೆ ಎಲ್ಲಿ ಹಾಕ್ಸಲಮ್ಮ?" ಎಂದು ಭಾವ ಕೇಳಿದರು. ಅತ್ತೆಯನ್ನು ಅವರು ಆ ಮನೆ ಹೇಗಿರಬೇಕೆಂದು ಕೇಳಿದ್ದು ಅದೇ ಮೊದಲು.

ಅತ್ತೆ ಜಾಗ ತೋರಿಸಲು ಕೈ ಚಾಚಿದರು. ಭಾವನಿಗೆ ಗೊತ್ತಾಗಲಿಲ್ಲ.

"ಎಲ್ಲಮ್ಮ? ಸರಿಯಾಗಿ ಬೆರಳಿಟ್ಟು ತೋರ್ಸು."

"ಬೆರಳು ಬಿಚ್ಚಲ್ಲ ಕಣೋ" ಎಂದರು ಅತ್ತೆ.

ಭಾವ ಆ ಕೈ ನೋಡಿದರು. ಅವರ ಮುಖ ಹೇಗಾಯಿತೆಂದರೆ ಮೇಸ್ತ್ರಿ ಕೂಡ ಹಾರೆ ಇಳಿಸಿ ಬೇರೆ ಕಡೆ ತಿರುಗಿಕೊಂಡ. ನಾನು ತಿರುಗಲಿಲ್ಲ, ಕಣ್ತುಂಬ ನೋಡಿದೆ.